ನಿಮಗಿದು ಗೊತ್ತೇ? ನಂಜನಗೂಡಿನ ಮೇಜು, ಮುಂಬೈನ ಷೇರುಪೇಟೆ

ನಂಜನಗೂಡಿನಿಂದ ಮುಂಬೈಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 875 ಕಿ.ಮೀ. ಫೈಬರ್ ಕೇಬಲ್ಲಿನೊಳಗೆ ಬೆಳಕು ಸೆಕೆಂಡಿಗೆ ಹೆಚ್ಚುಕಡಿಮೆ 2 ಲಕ್ಷ ಕಿ.ಮೀ. ಓಡುತ್ತದೆ. ಕೇಬಲ್ ಊರೂರು ಸುತ್ತಿ 1,200 ಕಿ.ಮೀ. ಆಯಿತೆಂದೇ ಇಟ್ಟುಕೊಳ್ಳಿ, ನಿಮ್ಮ ಆರ್ಡರ್ ಹೋಗಲು 6 ಮಿಲಿಸೆಕೆಂಡ್, ಉತ್ತರ ಬರಲು 6. ದಾರಿಯಲ್ಲಿನ ರೂಟರ್, ಸರ್ವರ್‌ಗಳೆಲ್ಲ ಸೇರಿ ಅದು ಮೂರು ನಾಲ್ಕು ಪಟ್ಟಾದರೂ ಆಗಲಿ. ಪರದೆಯಲ್ಲಿ ಷೇರಿನ ಬೆಲೆ ಕಂಡು ನಿಮ್ಮ ಬೆರಳು ಮೌಸ್ ಒತ್ತುವುದಕ್ಕೇ 200 ಮಿಲಿಸೆಕೆಂಡ್‌ಗಿಂತ ಹೆಚ್ಚು ಬೇಕು. ಇಡೀ ದಾರಿಯಲ್ಲಿ ಎಲ್ಲರಿಗಿಂತ ನಿಧಾನ ಯಾರು ಅಂದರೆ, ಕುರ್ಚಿಯಲ್ಲಿ ಕೂತವರು. ಲಕ್ಷ ರೂಪಾಯಿಯ ಪ್ರೊಸೆಸರ್ ತಂದರೂ ಆ 200 ಕಡಿಮೆಯಾಗುವುದಿಲ್ಲ.

ನಿಮ್ಮ ಆರ್ಡರ್ ನೇರವಾಗಿ ಷೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇಗೆ ಹೋಗುವುದಿಲ್ಲ ಎಂಬುದು ಗೊತ್ತೇ? ಮೊದಲು ಬ್ರೋಕರ್ ಸರ್ವರ್. ಖಾತೆಯಲ್ಲಿ ಮಾರ್ಜಿನ್ ಇದೆಯೇ ಎಂದು ಅಲ್ಲಿ ತಪಾಸಣೆ. ಆಮೇಲೆ ವಿನಿಮಯ ಕೇಂದ್ರ. ಆ್ಯಪ್‌ನಲ್ಲಿ ಕುಣಿಯುವ ಬೆಲೆಯೂ ಪೇಟೆಯಲ್ಲಿ ನಡೆದ ಪ್ರತಿಯೊಂದು ವ್ಯವಹಾರದ್ದಲ್ಲ. ಆಗಾಗ ತೆಗೆದು ಕಳಿಸಿದ ಚಿತ್ರ ಅಷ್ಟೆ.

ಇದಕ್ಕಿಂತ ವೇಗ ಬೇಕಾದವರು ಏನು ಮಾಡುತ್ತಾರೆ? ತಮ್ಮ ಸರ್ವರನ್ನು ವಿನಿಮಯ ಕೇಂದ್ರದ ಆವರಣದಲ್ಲೇ ಬಾಡಿಗೆಗೆ ಇಡುತ್ತಾರೆ. ಎನ್‌ಎಸ್‌ಇ ಈ ‘ಕೋಲೊಕೇಷನ್’ ಸೌಲಭ್ಯವನ್ನು 2009ರಲ್ಲಿ ಆರಂಭಿಸಿತು. ಅಲ್ಲಿನ ಲೆಕ್ಕ ಮಿಲಿಸೆಕೆಂಡಿನದಲ್ಲ, ಅದರ ಸಾವಿರದಲ್ಲೊಂದು ಪಾಲಿನದು. 2024ರ ಸೆಪ್ಟೆಂಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಹೊರಡಿಸಿದ ಅಧ್ಯಯನದ ಪ್ರಕಾರ, 2023–24ರಲ್ಲಿ ಫ್ಯೂಚರ್ಸ್–ಆಪ್ಷನ್ಸ್‌ನಲ್ಲಿ ವಿದೇಶಿ ಹೂಡಿಕೆ ಸಂಸ್ಥೆಗಳು ಗಳಿಸಿದ ಲಾಭದಲ್ಲಿ ಶೇ 97, ಸ್ವಂತ ಹಣದಲ್ಲಿ ವ್ಯವಹರಿಸುವ ದೊಡ್ಡ ಬ್ರೋಕರ್ ಸಂಸ್ಥೆಗಳ ಲಾಭದಲ್ಲಿ ಶೇ 96 ಬಂದಿದ್ದು ಆಲ್ಗೊ ವ್ಯವಹಾರದಿಂದ, ಅಂದರೆ ಪ್ರೋಗ್ರಾಂ ತಾನೇ ಹಾಕುವ ಆರ್ಡರ್‌ಗಳಿಂದ. ವೇಗದ ಪಂದ್ಯ ಅವರದು. ಮನೆಯ ಮೇಜಿನ ಮೇಲಿನ ಕಂಪ್ಯೂಟರ್ ಆ ಪಂದ್ಯದಲ್ಲಿ ಇಲ್ಲವೇ ಇಲ್ಲ. ಇದನ್ನು ಮೊದಲೇ ಒಪ್ಪಿಕೊಂಡರೆ ಅಂಗಡಿಯಲ್ಲಿ ಉಳಿಯುವ ದುಡ್ಡು ಕಡಿಮೆಯೇನಲ್ಲ.

*

ಈಗ ಪ್ರೊಸೆಸರ್‌ಗೆ ಬರೋಣ. ಬೆಳಿಗ್ಗೆ 9.15. ಪೇಟೆ ತೆರೆದಿದೆ, ಬ್ರೌಸರಿನಲ್ಲಿ ನಾಲ್ಕು ಚಾರ್ಟು, ಆಪ್ಷನ್ ಚೈನು, ಪಕ್ಕದಲ್ಲಿ ಯೂಟ್ಯೂಬು. ಚಾರ್ಟು ತಡವರಿಸುತ್ತಿದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಸಿಪಿಯು ಬಳಕೆ ಬರೀ ಶೇ 12 ಅಥವಾ 13. ಹಾಗಿದ್ದರೆ ತೊಂದರೆ ಎಲ್ಲಿ? ಆ ಸಂಖ್ಯೆಯಲ್ಲೇ ಇರಬಹುದು. ಎಂಟು ಥ್ರೆಡ್‌ಗಳ ಪ್ರೊಸೆಸರಿನಲ್ಲಿ ಒಂದೇ ಒಂದು ಥ್ರೆಡ್ ಪೂರ್ತಿ ಉಸಿರುಗಟ್ಟಿ ದುಡಿಯುತ್ತಿದ್ದು, ಉಳಿದ ಏಳು ಸುಮ್ಮನೆ ಕೂತಿದ್ದರೆ ಸರಾಸರಿ ಬರುವುದು ಶೇ 12.5. ಬ್ರೌಸರಿನ ಒಂದು ಪುಟದ ಜಾವಾಸ್ಕ್ರಿಪ್ಟ್ ಬಹುಪಾಲು ಒಂದೇ ಥ್ರೆಡ್ಡಿನ ಮೇಲೆ ಓಡುವುದರಿಂದ ಹೀಗಾಗುತ್ತದೆ. ಸಿಪಿಯು ಗ್ರಾಫಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಲಾಜಿಕಲ್ ಪ್ರೊಸೆಸರ್ಸ್’ ಆರಿಸಿ. ಯಾವ ಕೋರ್ ಒದ್ದಾಡುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀ ಒಟ್ಟಿಗೆ ಒತ್ತಿದರೆ ಯಾವ ಟ್ಯಾಬು ಎಷ್ಟು ತಿನ್ನುತ್ತಿದೆ ಎಂಬ ಪಟ್ಟಿಯೂ ಸಿಗುತ್ತದೆ. ಬಹಳ ಸಲ ಕಳ್ಳ ಚಾರ್ಟಲ್ಲ, ಅದಕ್ಕೆ ಪೇರಿಸಿದ ಹನ್ನೆರಡು ಇಂಡಿಕೇಟರ್‌ಗಳು.

ಇದರಿಂದ ತಿಳಿಯಬೇಕಾದ್ದು: ಕೈಯಾರೆ ಆರ್ಡರ್ ಹಾಕುವವರು ನೋಡಬೇಕಾದ್ದು ಕೋರ್‌ಗಳ ಸಂಖ್ಯೆಯನ್ನಲ್ಲ, ಒಂದೊಂದು ಕೋರಿನ ಕಸುವನ್ನು. ಹಳೆಯ ಹದಿನಾರು ಕೋರಿನ ಸರ್ವರ್ ಪ್ರೊಸೆಸರಿಗಿಂತ ಹೊಸ ತಲೆಮಾರಿನ ಆರು ಕೋರಿನ ಐ5 ಅಥವಾ ರೈಜೆನ್ 5 ಚಾರ್ಟಿಗೆ ಮೇಲು. ಹತ್ತು ವರ್ಷದ ದತ್ತಾಂಶ ಹಾಕಿ ಆಮಿಬ್ರೋಕರ್‌ನಲ್ಲಿ ಬ್ಯಾಕ್‌ಟೆಸ್ಟ್ ಓಡಿಸುವವರ ಕಥೆ ಬೇರೆ. ಅಲ್ಲಿ ಹೆಚ್ಚು ಕೋರ್‌ಗಳಿಗೆ ನಿಜವಾಗಿ ಕೆಲಸವಿದೆ.

‘ಎಫ್’ ಅಂದರೆ ಎಚ್ಚರ! ಇಂಟೆಲ್ ಐ5–12400ಕ್ಕೂ 12400ಎಫ್‌ಗೂ ವ್ಯತ್ಯಾಸ ಒಂದೇ ಅಕ್ಷರ. ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದಿದ್ದರೆ ಮಾನಿಟರ್ ಕಪ್ಪಾಗಿಯೇ ಕೂತಿರುತ್ತದೆ. ಎಎಂಡಿಯಲ್ಲಿ ರೈಜೆನ್ 5 5600ಕ್ಕೆ ಗ್ರಾಫಿಕ್ಸ್ ಇಲ್ಲ, 5600ಜಿಗೆ ಇದೆ. ಚಾರ್ಟು ನೋಡಲು ಗೇಮಿಂಗ್ ಕಾರ್ಡ್ ಬೇಡವೇ ಬೇಡ. ಎಫ್ ಪ್ರೊಸೆಸರಿನಲ್ಲಿ ಒಂದಿಷ್ಟು ಉಳಿಸಿ, ಕಾರ್ಡಿಗೆ ಅದರ ಹಲವು ಪಟ್ಟು ಸುರಿಯುವುದು ನಮ್ಮಲ್ಲಿ ಮಾಮೂಲು.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅತಿಯಾದ ವೋಲ್ಟೇಜಿನಿಂದ ಕ್ರಮೇಣ ಹಾಳಾಗುತ್ತಿದ್ದವು, ಗೊತ್ತೇ? ಕಂಪನಿಯೇ ಒಪ್ಪಿಕೊಂಡು 2024ರ ಆಗಸ್ಟ್‌ನಿಂದ ಮೈಕ್ರೊಕೋಡ್ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಸೆಕೆಂಡ್‌ಹ್ಯಾಂಡ್ ಐ7, ಐ9 ಕೊಳ್ಳುವವರು ಬಯಾಸ್ ಅಪ್‌ಡೇಟ್ ಆಗಿದೆಯೇ ಎಂದು ಕೇಳದೆ ದುಡ್ಡು ಎಣಿಸಬಾರದು.

*

ಪ್ರೊಸೆಸರಿಗೂ ನಂಜನಗೂಡಿಗೂ ಒಂದು ದೂರದ ನೆಂಟಸ್ತಿಕೆ ಇದೆ. ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಂಪನಿಯ ಕಾರ್ಖಾನೆ ಇದೆ. ಮೊದಲು ಇಂಡಾಲ್ ಎಲೆಕ್ಟ್ರಾನಿಕ್ಸ್ ಆಗಿದ್ದುದನ್ನು 1999ರಲ್ಲಿ ಆ ಕಂಪನಿ ಕೊಂಡುಕೊಂಡಿತು. ಇಲ್ಲಿ ತಯಾರಾಗುವುದು ಪಿಸಿಬಿ, ಅಂದರೆ ಬಿಡಿಭಾಗಗಳನ್ನು ಕೂರಿಸಿ ಬೆಸೆಯುವ ಹಸಿರು ಹಲಗೆ. ಇದೇ ಕಂಪನಿ ಮಲೇಷ್ಯಾದ ಕುಲಿಂನಲ್ಲಿ ಎಎಂಡಿಯ ಡೇಟಾ ಸೆಂಟರ್ ಪ್ರೊಸೆಸರ್‌ಗಳಿಗೆ ಸಬ್‌ಸ್ಟ್ರೇಟ್ ಮಾಡುತ್ತದೆ. ಸಿಲಿಕಾನ್ ಚೂರಿಗೂ ಮದರ್‌ಬೋರ್ಡಿಗೂ ನಡುವೆ ಇರುವ, ಪದರ ಪದರವಾದ ಪುಟ್ಟ ಹಲಗೆ ಅದು. ನಂಜನಗೂಡು ಅಂದರೆ ರಸಬಾಳೆ, ಹಲ್ಲುಪುಡಿ ಎಂದಷ್ಟೇ ಬಲ್ಲವರಿಗೆ ಇದು ಹೊಸ ಸುದ್ದಿ.

ಎಲೆಕ್ಟ್ರಾನಿಕ್ಸ್ ಜೋಡಣೆಯ ಕೇನ್ಸ್ ಟೆಕ್ನಾಲಜಿ ಮೈಸೂರಿನದು. 1988ರಲ್ಲಿ ಶುರುವಾಗಿ 2022ರ ನವೆಂಬರಿನಲ್ಲಿ ಷೇರುಪೇಟೆ ಸೇರಿತು. ಪ್ರೊಸೆಸರ್ ವಿನ್ಯಾಸದಲ್ಲೂ ನಮ್ಮ ರಾಜ್ಯದ ಪಾಲಿದೆ: ಇಂಟೆಲ್‌ನ ಆರು ಕೋರಿನ ಜಿಯಾನ್ 7400 ಪೂರ್ತಿ ವಿನ್ಯಾಸಗೊಂಡಿದ್ದು ಬೆಂಗಳೂರಿನಲ್ಲಿ, ಹೊರಬಂದಿದ್ದು 2008ರಲ್ಲಿ.

ನಂಜನಗೂಡು ತಾಲ್ಲೂಕಿನಲ್ಲೇ ಕಣ್ಣಿಗೆ ಕಾಣುವ ಷೇರುಗಳೂ ಉಂಟು. ಇಮ್ಮಾವಿನಲ್ಲಿ 2018ರಿಂದ ಏಷ್ಯನ್ ಪೇಂಟ್ಸ್. ನಂಜನಗೂಡಿನಲ್ಲಿ 1989ರಿಂದ ನೆಸ್ಲೆ. ಅಳಗಂಚಿಯಲ್ಲಿ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆ. ಕಬ್ಬಿನ ಲಾರಿ ಕಾರ್ಖಾನೆಯ ಗೇಟಿನ ಮುಂದೆ ಸಾಲುಗಟ್ಟಿದ್ದು ಕಂಡ ಮಾತ್ರಕ್ಕೆ ಆ ದಿನದ ಷೇರು ಬೆಲೆ ಗೊತ್ತಾಗುವುದಿಲ್ಲ, ನಿಜ. ಆದರೂ ಕಂಪನಿ ಎಲ್ಲಿದೆ, ಏನು ಮಾಡುತ್ತದೆ ಎಂದು ತಿಳಿಯದೆ ಮೂರಕ್ಷರದ ಹೆಸರಿನ ಮೇಲೆ ಸಾವಿರ ಷೇರು ಹಾಕುವವರನ್ನು ಕಂಡರೆ ನನಗೆ ಆಶ್ಚರ್ಯ.

ಪರದೆಯ ಮೇಲೆ ಬೆಲೆ ಕೂಗುವುದು ಈ ಭಾಗದ ರೈತರಿಗೆ ತೀರ ಹೊಸದೇನಲ್ಲ. ಎಪಿಎಂಸಿಗಳ ಹರಾಜನ್ನು ಕಂಪ್ಯೂಟರಿಗೆ ತರಲು ಕರ್ನಾಟಕವು ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಎಂಬ ಕಂಪನಿಯನ್ನು 2014ರಲ್ಲೇ ಕಟ್ಟಿತು. ಕೇಂದ್ರದ ಇ-ನಾಮ್ ಬಂದಿದ್ದು 2016ರಲ್ಲಿ.

*

ಈಗ ಕರೆಂಟಿನ ಮಾತು. ಕಾವೇರಿ, ಕಪಿಲೆ ತಿ. ನರಸೀಪುರದಲ್ಲಿ ಕೂಡಿ ಮುಂದೆ ಹರಿಯುವುದು ಶಿವನಸಮುದ್ರದ ಕಡೆಗೆ. ಆ ನೀರಿನಿಂದಲೇ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ. ಇಷ್ಟು ಹಳೆಯ ಕರೆಂಟಿನ ನೆರೆಯಲ್ಲಿದ್ದರೂ ಮಧ್ಯಾಹ್ನ 2.40ಕ್ಕೆ, ಸರಿಯಾಗಿ ಪೊಸಿಷನ್ ತೆರೆದಿರುವಾಗ, ಫ್ಯಾನ್ ನಿಂತರೆ ಏನು ಮಾಡುವುದು? ಟ್ರೇಡಿಂಗ್ ಕಂಪ್ಯೂಟರಿನ ಬಜೆಟ್ಟಿನಲ್ಲಿ ಪ್ರೊಸೆಸರಿಗಿಂತ ಮುಂಚೆ ಬರೆಯಬೇಕಾದ ಸಾಲು ಯುಪಿಎಸ್. ಐ9 ತಂದು ಯುಪಿಎಸ್ ಬಿಟ್ಟವರಿಗೆ ಹೇಳಿ ಮಾಡಿಸಿದ ಗಾದೆ ನಮ್ಮಲ್ಲಿದೆ: ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಯುಪಿಎಸ್ ಮೇಲೆ 600 ವಿಎ ಎಂದಿರುತ್ತದೆ. ಆದರೆ ಅದು ಹೊರುವುದು 360 ವಾಟ್ ಮಾತ್ರ. ಒಳಗಿರುವುದು 12 ವೋಲ್ಟ್, 7 ಆಂಪಿಯರ್ ಅವರ್‌ನ ಒಂದು ಬ್ಯಾಟರಿ. ಗುಣಿಸಿದರೆ 84 ವಾಟ್ ಅವರ್. ಕಂಪ್ಯೂಟರೂ ಮಾನಿಟರೂ ಸೇರಿ 100 ವಾಟ್ ಎಳೆದರೆ ಕಾಗದದ ಮೇಲೆ 50 ನಿಮಿಷ. ಬ್ಯಾಟರಿ ಜೋರಾಗಿ ಖಾಲಿಯಾಗುವಾಗಿನ ನಷ್ಟ, ಪರಿವರ್ತನೆಯ ನಷ್ಟ ಕಳೆದರೆ ಕೈಗೆ ಸಿಗುವುದು ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಅದೂ ಬ್ಯಾಟರಿ ಹೊಸದಾಗಿದ್ದಾಗ. ಪೊಸಿಷನ್ ಮುಚ್ಚಿ ಹೊರಬರಲು ಧಾರಾಳ ಸಾಕು. ದಿನವಿಡೀ ಕೂರಲು ಸಾಲದು.

ಮನೆಯಲ್ಲಿ ಇನ್ವರ್ಟರ್ ಇದ್ದರೆ? ಹೆಚ್ಚಿನ ಇನ್ವರ್ಟರ್‌ಗಳ ಹಿಂಬದಿಯಲ್ಲಿ ‘ಯುಪಿಎಸ್’, ‘ಇಕೊ’ ಎಂದು ಬರೆದ ಒಂದು ಸ್ವಿಚ್ ಇರುತ್ತದೆ. ತಂದು ಕೂರಿಸಿದ ದಿನದಿಂದ ಅದನ್ನು ಮುಟ್ಟಿಯೇ ಇರುವುದಿಲ್ಲ ನಾವು. ಕಂಪ್ಯೂಟರಿನ ಪವರ್ ಸಪ್ಲೈ ಕರೆಂಟಿಲ್ಲದೆ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಇಕೊ ಕಡೆಗಿದ್ದರೆ ಬದಲಾವಣೆ ಅದಕ್ಕಿಂತ ತಡವಾಗಿ, ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಯುಪಿಎಸ್ ಕಡೆಗೆ ತಳ್ಳಿದರೆ ಆ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಖರ್ಚು ಸೊನ್ನೆ.

ಇಷ್ಟೆಲ್ಲ ಮಾಡಿಯೂ ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಯನ್ನು ಮರೆಯುತ್ತಾರೆ! ಕಂಪ್ಯೂಟರ್ ಉಸಿರಾಡುತ್ತಿರುತ್ತದೆ, ಇಂಟರ್ನೆಟ್ ಸತ್ತಿರುತ್ತದೆ. ಆ ಪೆಟ್ಟಿಗೆಗೆ ಬೇಕಾದ್ದು ಸಾಮಾನ್ಯವಾಗಿ 12 ವೋಲ್ಟ್, ಕೆಲವೇ ವಾಟ್. ಅದಕ್ಕೆಂದೇ ಅಂಗೈ ಅಗಲದ ‘ರೂಟರ್ ಯುಪಿಎಸ್’ ಸಿಗುತ್ತದೆ, ಗಂಟೆಗಟ್ಟಲೆ ಓಡಿಸುತ್ತದೆ. ಕೊಳ್ಳುವ ಮುಂಚೆ ಅಡಾಪ್ಟರಿನ ಮೇಲಿನ ವೋಲ್ಟ್, ಆಂಪಿಯರ್ ಓದಿಕೊಂಡು ಹೋಗಿ. ಪೆಟ್ಟಿಗೆಯ ಮೇಲೆ ‘ಎಲ್‌ಒಎಸ್’ ದೀಪ ಕೆಂಪಗೆ ಮಿನುಗಿದರೆ ತೊಂದರೆ ನಿಮ್ಮ ಕಂಪ್ಯೂಟರಿನದಲ್ಲ, ಹೊರಗೆಲ್ಲೋ ಕೇಬಲ್ ತುಂಡಾಗಿರುವ ಲಕ್ಷಣ. ರಸ್ತೆ ಅಗೆಯುವ ಜೆಸಿಬಿಯ ಮುಂದೆ ಯಾವ ಪ್ರೊಸೆಸರೂ ನಿಲ್ಲುವುದಿಲ್ಲ. ಆಗ ಮೊಬೈಲ್ ಹಾಟ್‌ಸ್ಪಾಟ್. ಸಿಮ್ ಮಾತ್ರ ಬೇರೆ ಕಂಪನಿಯದಾಗಿರಲಿ. ಕರೆಂಟಿನ ದೂರಿಗೆ ಸಂಖ್ಯೆ 1912.

ಇದೆಲ್ಲ ಲೆಕ್ಕ ಹಾಕಿದರೆ ನಮ್ಮ ಊರುಗಳಿಗೆ ಡೆಸ್ಕ್‌ಟಾಪಿಗಿಂತ ಲ್ಯಾಪ್‌ಟಾಪ್ ವಾಸಿ ಎಂಬುದು ನನ್ನ ಪಕ್ಷ. ಬ್ಯಾಟರಿ ಒಳಗೇ ಇದೆ. ಒಂದು 24 ಇಂಚಿನ ಮಾನಿಟರ್ ಜೋಡಿಸಿದರೆ ಎರಡು ಪರದೆ ಆಯಿತು. ಕರೆಂಟ್ ಹೋದರೆ ಒಂದು ಪರದೆ ಆರುತ್ತದೆ, ಕೆಲಸ ನಿಲ್ಲುವುದಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳು ಬ್ಯಾಟರಿಯ ಮೇಲೆ ವೇಗ ತಗ್ಗಿಸಿಕೊಳ್ಳುತ್ತವೆ, ಅದು ಗೊತ್ತಿರಲಿ. ಹೆಸರಿನ ಕೊನೆಯಲ್ಲಿ ‘ಯು’ ಇದ್ದರೆ ಮಿತವ್ಯಯಿ, ‘ಎಚ್’ ಇದ್ದರೆ ಕಸುವೂ ಹೆಚ್ಚು, ಬಿಸಿಯೂ ಹೆಚ್ಚು.

*

ಮೂರು ಮಾನಿಟರ್ ಬೇಕೆನ್ನುವವರು ಗಮನಿಸಿ. ಎಂ1, ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್‌ಗೆ ಹೊರಗಿನ ಮಾನಿಟರ್ ಅಧಿಕೃತವಾಗಿ ಒಂದೇ. ಎಂ3ರಲ್ಲಿ ಮುಚ್ಚಳ ಮುಚ್ಚಿದರೆ ಎರಡು. ಎಂ4ರಲ್ಲಿ ತೆರೆದಿದ್ದರೂ ಎರಡು. ಜೊತೆಗೆ, ಓಡಿನ್‌ನಂತಹ ಹಳೆಯ ಬ್ರೋಕರ್ ಟರ್ಮಿನಲ್‌ಗಳೂ ಆಮಿಬ್ರೋಕರೂ ವಿಂಡೋಸ್‌ಗೆಂದೇ ಬರೆದವು.

144 ಹರ್ಟ್ಸ್ ಮಾನಿಟರ್? ಆಟಕ್ಕೆ ಸರಿ. ಸೆಕೆಂಡಿಗೆ ಒಂದೆರಡು ಸಲ ಬದಲಾಗುವ ಬೆಲೆಗೆ 60 ಸಾಕು.

ರ‍್ಯಾಮ್ 8 ಜಿ.ಬಿ. ಇದ್ದರೆ ಕ್ರೋಮ್ ಮತ್ತು ಟರ್ಮಿನಲ್ ಒಟ್ಟಿಗೆ ತೆರೆದಾಗ ಕಂಪ್ಯೂಟರ್ ಡಿಸ್ಕಿನಿಂದ ಸಾಲ ಎತ್ತಲು ಶುರುಮಾಡುತ್ತದೆ, ಅಲ್ಲಿಗೆ ನಿಧಾನ. 16 ನೆಮ್ಮದಿ. ಎಂಟರದು ಎರಡು ತುಂಡು ಹಾಕಿದರೆ ಹದಿನಾರರದು ಒಂದು ತುಂಡಿಗಿಂತ ವೇಗ, ಅದರಲ್ಲೂ ಗ್ರಾಫಿಕ್ಸ್ ಪ್ರೊಸೆಸರಿನೊಳಗೇ ಇದ್ದರೆ. ಡಿಡಿಆರ್4 ತುಂಡು ಡಿಡಿಆರ್5 ಸ್ಲಾಟಿಗೆ ಕೂರುವುದಿಲ್ಲ. ಕಚ್ಚಿನ ಜಾಗವೇ ಬೇರೆ. 2025ರ ಕೊನೆಗೆ ಎಐ ಡೇಟಾ ಸೆಂಟರ್‌ಗಳ ಹಸಿವಿನಿಂದ ರ‍್ಯಾಮ್ ಬೆಲೆ ಜಗತ್ತಿನೆಲ್ಲೆಡೆ ಏರಿತು.

ಹಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 150 ಎಂ.ಬಿ. ಓದಿದರೆ, ಸಾಟಾ ಎಸ್‌ಎಸ್‌ಡಿ 550, ಸಾಧಾರಣ ಎನ್‌ವಿಎಂಇ 3,000ಕ್ಕೂ ಮೇಲೆ. ಆರೇಳು ವರ್ಷದ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿಸಿ ನೋಡದೆ ಹೊಸದು ಕೊಳ್ಳುವವರು ಅವಸರದವರು.

ಕಚೇರಿಗಳು ಬಿಟ್ಟ ರಿಫರ್ಬಿಶ್ಡ್ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಟ್ರೇಡಿಂಗಿಗೆ ಒಳ್ಳೆಯ ಗಾಡಿಗಳು. ಒಂದೇ ಷರತ್ತು: ಇಂಟೆಲ್‌ನ 8ನೇ ತಲೆಮಾರು ಅಥವಾ ಅದರ ನಂತರದ್ದಿರಲಿ. ವಿಂಡೋಸ್ 11ಕ್ಕೆ ಅಷ್ಟು ಬೇಕೇ ಬೇಕು, ಮತ್ತು ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೊಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ದುಡ್ಡಿನ ಖಾತೆ ತೆರೆಯುವ ಯಂತ್ರದಲ್ಲಿ ಭದ್ರತಾ ತೇಪೆ ಬರದ ವಿಂಡೋಸ್ ಇಟ್ಟುಕೊಳ್ಳುವುದು ಬೇಡ. ಹೌದು, ಅಪ್‌ಡೇಟಿನಿಂದ ಪೇಟೆಯ ನಡುವೆ ರೀಸ್ಟಾರ್ಟ್ ಆದೀತೆಂಬ ಹೆದರಿಕೆಯೂ ಇದೆ. ಸೆಟ್ಟಿಂಗ್ಸ್‌ನಲ್ಲಿ ‘ಆಕ್ಟಿವ್ ಅವರ್ಸ್’ ಬೆಳಿಗ್ಗೆ 8ರಿಂದ ಕೊಟ್ಟುಬಿಡಿ. 18 ಗಂಟೆಯವರೆಗೆ ಕೊಡಲು ಅವಕಾಶವಿದೆ, ರಾತ್ರಿ 11.30ರವರೆಗೆ ಎಂಸಿಎಕ್ಸ್ ಸರಕುಪೇಟೆಯಲ್ಲಿ ಚಿನ್ನ ಆಡುವವರಿಗೂ ಸಾಕು.

ವಾರಂಟಿ ಚೀಟಿಯಲ್ಲಿ ‘ಆನ್‌ಸೈಟ್’ ಇದೆಯೋ ‘ಕ್ಯಾರಿ-ಇನ್’ ಇದೆಯೋ ನೋಡಿದ್ದೀರಾ? ಎರಡನೆಯದಾದರೆ ನಂಜನಗೂಡಿನವರು ಇಪ್ಪತ್ತೈದು, ನರಸೀಪುರದವರು ಮೂವತ್ತು ಕಿ.ಮೀ. ಪೆಟ್ಟಿಗೆ ಹೊತ್ತು ಮೈಸೂರಿಗೆ ಹೋಗಬೇಕು. ಅಷ್ಟೂ ದಿನ ಟ್ರೇಡಿಂಗ್ ಮೊಬೈಲಿನಲ್ಲೇ.

ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಎಸ್.ಪಿ. ರಸ್ತೆಗೂ ಒಂದು ಕಾಲದ ಬೆಂಗಳೂರು ಷೇರು ವಿನಿಮಯ ಕೇಂದ್ರದ ಜೆ.ಸಿ. ರಸ್ತೆಯ ಕಟ್ಟಡಕ್ಕೂ ಹೆಚ್ಚು ದೂರವಿಲ್ಲ. 1963ರಲ್ಲಿ ಸ್ಥಾಪನೆಯಾದ ಆ ಕೇಂದ್ರ 2014ರಲ್ಲಿ ಬಾಗಿಲು ಹಾಕಿತು. ಮಂಗಳೂರಿನದೂ ಅದೇ ವರ್ಷ ಅಧಿಕೃತವಾಗಿ ಮುಗಿಯಿತು. ಬಿಡಿಭಾಗದ ಅಂಗಡಿಗಳು ಮಾತ್ರ ಭರ್ತಿ. 1994ರ ನವೆಂಬರ್ 3ರಂದು ಎನ್‌ಎಸ್‌ಇ ಷೇರು ವ್ಯವಹಾರ ಶುರುಮಾಡಿದಾಗ ದೂರದ ಊರುಗಳ ಬ್ರೋಕರ್‌ಗಳನ್ನು ಮುಂಬೈಗೆ ಜೋಡಿಸಿದ್ದು ಛಾವಣಿಯ ಮೇಲಿನ ಉಪಗ್ರಹ ಡಿಶ್. ಆ ದಾರಿಯಲ್ಲಿ ಸಂದೇಶವೊಂದು ಭೂಸ್ಥಿರ ಉಪಗ್ರಹಕ್ಕೆ ಏರಿ ಇಳಿಯಲು 36,000 ಕಿ.ಮೀ. ಮೇಲೆ, ಮತ್ತಷ್ಟೇ ಕೆಳಗೆ: ಕಾಲು ಸೆಕೆಂಡ್. ಇಂದಿನ ನಂಜನಗೂಡಿನ ಮನೆಯ ಫೈಬರ್ ಅದಕ್ಕಿಂತ ಎಷ್ಟೋ ಪಟ್ಟು ಚುರುಕು.

*

ಕಂಪ್ಯೂಟರ್ ಆರಿದರೂ ನಿಮ್ಮ ಸ್ಟಾಪ್‌ಲಾಸ್ ಬದುಕಿರುತ್ತದೆಯೇ? ಅದು ಎಲ್ಲಿ ಕೂತಿದೆ ಎಂಬುದರ ಮೇಲೆ. ಬ್ರೋಕರ್ ಮೂಲಕ ಹಾಕಿದ ಸ್ಟಾಪ್‌ಲಾಸ್ ಆರ್ಡರ್ ವಿನಿಮಯ ಕೇಂದ್ರದ ಪುಸ್ತಕದಲ್ಲಿರುತ್ತದೆ. ನಿಮ್ಮ ಮನೆಯ ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮದೇ ಎಕ್ಸೆಲ್ ಅಥವಾ ಸ್ಕ್ರಿಪ್ಟ್ ಬೆಲೆ ಕಾಯುತ್ತಿದ್ದರೆ, ಯಂತ್ರ ಆರಿದ ಕ್ಷಣ ಕಾವಲುಗಾರನೂ ಹೋದ. ಇಡೀ ಅಂಕಣದಲ್ಲಿ ಒಂದೇ ಸಂಗತಿ ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಆಲ್ಗೊ ಬರೆದು ಮನೆಯಿಂದಲೇ ಓಡಿಸುವವರಿಗೆ ಸೆಬಿ 2025ರ ಫೆಬ್ರುವರಿಯಲ್ಲಿ ನಿಯಮ ತಂದಿದೆ. ಪ್ರೋಗ್ರಾಂ ಮೂಲಕ ಆರ್ಡರ್ ಕಳಿಸುವ ಬ್ರೋಕರ್‌ನ ಎಪಿಐ ಬಳಸಲು ಸ್ಥಿರ ಐಪಿ ವಿಳಾಸ ಬೇಕು. ಸೆಕೆಂಡಿಗೆ 10 ಆರ್ಡರ್ ಮೀರಿದರೆ ನೋಂದಣಿ ಬೇಕು. ಇಂಥವರಿಗೆ ಮನೆಯ ಯಂತ್ರಕ್ಕಿಂತ ಮುಂಬೈನ ಕ್ಲೌಡ್ ಸರ್ವರ್ ಬಾಡಿಗೆಯೇ ಸರಿ.

ಸೆಬಿಯದೇ ಇನ್ನೊಂದು ಅಧ್ಯಯನ, 2024ರ ಜುಲೈನದು: 2022–23ರಲ್ಲಿ ಷೇರುಗಳಲ್ಲಿ ಇಂಟ್ರಾಡೇ ಆಡಿದ ಪ್ರತಿ ಹತ್ತು ಮಂದಿಯಲ್ಲಿ ಏಳು ಮಂದಿಗೆ ನಷ್ಟ. ಮೂವತ್ತರೊಳಗಿನವರಲ್ಲಿ ಶೇ 76. ಮೊದಲು ಹೇಳಿದ ಸೆಪ್ಟೆಂಬರಿನ ಅಧ್ಯಯನದಲ್ಲಿ, ಫ್ಯೂಚರ್ಸ್–ಆಪ್ಷನ್ಸ್‌ನಲ್ಲಿ ನಷ್ಟ ಕಂಡವರ ಮೂರು ವರ್ಷಗಳ ಲೆಕ್ಕ ಶೇ 93, ತಲಾ ನಷ್ಟ ಸರಾಸರಿ 2 ಲಕ್ಷ ರೂಪಾಯಿ. ಎರಡು ಲಕ್ಷಕ್ಕೆ ಈ ಅಂಕಣದಲ್ಲಿ ಹೇಳಿದ ಯಂತ್ರ, ಯುಪಿಎಸ್, ಎರಡು ಮಾನಿಟರ್ ಎಲ್ಲ ಬಂದು ಮೇಲೂ ಉಳಿಯುತ್ತದೆ.

ಟ್ರೇಡಿಂಗನ್ನು ವ್ಯಾಪಾರದ ಆದಾಯವೆಂದು ತೋರಿಸುವವರು ಕಂಪ್ಯೂಟರಿನ ಮೇಲೆ ವರ್ಷಕ್ಕೆ ಶೇ 40 ಸವಕಳಿ ಕಳೆಯಬಹುದು. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಬಿಲ್ ಜೋಪಾನ.

2021ರ ಫೆಬ್ರುವರಿ 24ರಂದು ಎನ್‌ಎಸ್‌ಇಯೇ ಬೆಳಿಗ್ಗೆ 11.40ಕ್ಕೆ ನಿಂತುಹೋಯಿತು. ಟೆಲಿಕಾಂ ಸಂಪರ್ಕದ ತೊಂದರೆ. ಮತ್ತೆ ತೆರೆದಿದ್ದು ಮಧ್ಯಾಹ್ನ 3.45ಕ್ಕೆ, ಸಂಜೆ 5ರವರೆಗೆ. ಬ್ರೋಕರ್ ವ್ಯವಸ್ಥೆ ಕುಸಿದಾಗ ತೆರೆದ ಪೊಸಿಷನ್ ಮುಚ್ಚಿಕೊಳ್ಳಲು 2023ರ ಅಕ್ಟೋಬರಿನಲ್ಲಿ ‘ಇರ್ರಾ’ ಎಂಬ ಪರ್ಯಾಯ ವೇದಿಕೆ ಬಂತು. ಹೊಸ ಆರ್ಡರ್ ಹಾಕಲು ಅಲ್ಲ, ಹೊರಬರಲು ಮಾತ್ರ. ನಿಮ್ಮ ಕಡೆಯದೇ ಎಲ್ಲವೂ ಕೈಕೊಟ್ಟರೆ ಬ್ರೋಕರ್‌ನ ‘ಕಾಲ್ ಅಂಡ್ ಟ್ರೇಡ್’ ಇದೆ. ಆರ್ಡರಿಗಿಷ್ಟು ಎಂದು ಶುಲ್ಕ ಹಿಡಿಯುತ್ತಾರೆ, ಖಾತೆ ಸಂಖ್ಯೆ ಕೇಳಿ ಗುರುತು ಖಚಿತಪಡಿಸಿಕೊಳ್ಳುತ್ತಾರೆ. ಆ ಫೋನ್ ನಂಬರನ್ನು ಕಂಪ್ಯೂಟರಿನಲ್ಲಿ ಸೇವ್ ಮಾಡಿಟ್ಟರೆ ಪ್ರಯೋಜನವಿಲ್ಲ. ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿ.